ಕಿವಿ ಮಷೀನಿಗೆ ಮಾರ್ಕ್ಸ್ ಕೊಡಬೇಕಾದದ್ದು ಜಗಲಿಯಲ್ಲಿ ಕೂತು

ನಮ್ಮ ಯಜಮಾನರು ಕಿವಿಗೆ ಮಷೀನು ಹಾಕಿಕೊಂಡ ಮೇಲೆ ಅದು ಹೇಗಿದೆ ಅಂತ ಎಲ್ಲರೂ ವಿಚಾರಿಸುವುದು ನನ್ನ ಹತ್ತಿರ. ಅವರನ್ನು ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ, ಅಲ್ಲಿಗೆ ಮುಗೀತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಯಾಕೆಂದರೆ ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರ ಕಿವಿಗೆ ಸರಿಹೋಗಬೇಕು ಅಂತೇನೂ ಇಲ್ಲ. ಇದು ಕನ್ನಡಕದ ಥರ ಹಾಕಿದ ತಕ್ಷಣ ಎಲ್ಲ ಸ್ಪಷ್ಟವಾಗುವ ವಸ್ತುವೂ ಅಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ರಯೋಜನ ಇದೆ, ಖಂಡಿತ ಇದೆ. ಆದರೆ ಅಂಗಡಿಯ ಬಾಗಿಲು ಹಾಕಿದ ರೂಮಿನಲ್ಲಿ ಕೂತು "ಹಾ, ಚೆನ್ನಾಗಿ ಕೇಳಿಸ್ತಿದೆ" ಅಂತ ತೀರ್ಮಾನ ಮಾಡಬೇಡಿ. ಆ ರೂಮಿನಲ್ಲಿ ಯಾವ ಮಷೀನಾದರೂ ಚೆನ್ನಾಗಿಯೇ ಕೇಳಿಸುತ್ತದೆ. ಬರುವವರು ಹೋಗುವವರು, ಫೋನು, ಇಸ್ಪೀಟು, ಮೀಟಿಂಗು, ಮದುವೆ, ಮೊಮ್ಮಕ್ಕಳು ಎಲ್ಲ ಇರುವ ಒಂದು ಮಾಮೂಲಿ ವಾರ ಅದನ್ನು ಹಾಕಿಕೊಂಡು ಓಡಾಡಲಿ, ಆಮೇಲೆ ಮಾರ್ಕ್ಸ್ ಕೊಡಿ.

ನಾವಿಬ್ಬರೂ ರಿಟೈರ್ ಆದವರು, ಇರುವುದು ಹಳ್ಳಿಯಲ್ಲಿ. ಹಳ್ಳಿ ಅಂದರೆ ನಿಶ್ಶಬ್ದ, ಕಿವಿ ಮಂದವಾದರೂ ನಡೆಯುತ್ತದೆ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಇಲ್ಲಿ ಮಾತೇ ಜಾಸ್ತಿ ಸ್ವಾಮಿ. ಬೆಳಿಗ್ಗೆ ಬಾಗಿಲು ತೆಗೆದರೆ ಯಾರೋ ಒಬ್ಬರು ಬೇಲಿ ಆಚೆ ನಿಂತು ಮಾತಾಡಿಸುತ್ತಾರೆ. ರಸ್ತೆಗೆ ಇಳಿದರೆ ಬೈಕ್ ನಿಲ್ಲಿಸಿ ಮಾತಾಡಿಸುತ್ತಾರೆ. ಉತ್ತರ ಕೊಡದಿದ್ದರೆ "ಯಾಕೋ ಅವರಿಗೆ ಈಗ ದೊಡ್ಡಸ್ತಿಕೆ ಬಂದಿದೆ" ಅನ್ನುವ ಸುದ್ದಿ ಸಂಜೆಯೊಳಗೆ ನಮ್ಮನೆಗೇ ವಾಪಸ್ ಬರುತ್ತದೆ.

ಮಷೀನು ಬರುವ ಮೊದಲಿನ ಕಥೆ ಸ್ವಲ್ಪ ಕೇಳಿ. ನಾನು "ರೀ, ಕೀಲಿ ನೋಡಿದ್ರಾ?" ಅಂದರೆ ಅವರಿಗೆ "ಇಲಿ ನೋಡಿದ್ರಾ" ಅಂತ ಕೇಳಿಸಿ, ಟಾರ್ಚ್ ತಗೊಂಡು ಮಂಚದ ಕೆಳಗೆ ಬಗ್ಗಿ ಹುಡುಕಿದ್ದರು. ನಕ್ಕು ನಕ್ಕು ಸಾಕಾಯಿತು, ಸರಿ. ಆದರೆ ಇದೇ ಆಟ ದಿನಕ್ಕೆ ಹತ್ತು ಸಲ ಆದರೆ ನಗು ಬರುವುದಿಲ್ಲ. ಇನ್ನೊಂದು ವಿಚಿತ್ರ ಇತ್ತು. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಜೋರಾಗಿ ಹೇಳಿದರೆ "ಯಾಕೆ ಹಾಗೆ ಕೂಗ್ತೀಯ, ನಾನೇನು ಕಿವುಡನಾ?" ಅಂತ ರೇಗುತ್ತಿದ್ದರು. ಬೇಕೂ ಅಂತ ಮಾಡುತ್ತಾರೆ ಅಂತಲೇ ನನಗೆ ಅನುಮಾನ ಇತ್ತು. ಕಿವಿ ಪರೀಕ್ಷೆ ಮಾಡಿದ ಹುಡುಗಿ ಬಿಡಿಸಿ ಹೇಳಿದಳು. ವಯಸ್ಸಿನ ಕಿವುಡಿನಲ್ಲಿ ಸಣ್ಣ ಸದ್ದು ಕೇಳುವ ಶಕ್ತಿ ಹೋಗಿರುತ್ತದೆ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ಕೇಳಿಸಲು ಶುರುವಾಗುವ ಮಟ್ಟಕ್ಕೂ ಕಿರಿಕಿರಿಯಾಗುವ ಮಟ್ಟಕ್ಕೂ ನಡುವೆ ಜಾಗವೇ ಕಡಿಮೆ. ಅದಕ್ಕೇ ಈಗಿನ ಡಿಜಿಟಲ್ ಮಷೀನುಗಳು ಸಣ್ಣ ಸದ್ದನ್ನು ಜಾಸ್ತಿ ಎತ್ತುತ್ತವೆ, ದೊಡ್ಡ ಸದ್ದನ್ನು ಕಡಿಮೆ ಎತ್ತುತ್ತವೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಜೋರು ಮಾಡಿದರೆ ಕೆಲಸಕ್ಕೆ ಬರುವುದಿಲ್ಲ.

ಇದೇ ಕಾರಣಕ್ಕೆ, ಆನ್‌ಲೈನಲ್ಲಿ ಸಿಗುವ "ಕಿವಿಗೆ ಹಾಕಿ, ಎಲ್ಲ ಕೇಳಿ" ಥರದ ಅಗ್ಗದ ಆಂಪ್ಲಿಫೈಯರ್‌ಗಳನ್ನು ದಯವಿಟ್ಟು ಅಪ್ಪ ಅಮ್ಮನಿಗೆ ಕಳಿಸಬೇಡಿ. ನಮ್ಮ ಮಗನೂ ಪ್ರೀತಿಯಿಂದ ಒಂದು ಕಳಿಸಿದ್ದ. ಪಾತ್ರೆ ಬಿದ್ದ ಸದ್ದು ಸಿಡಿಲು ಬಡಿದ ಹಾಗೆ, ನನ್ನ ಮಾತು ಮಾತ್ರ ಮೊದಲಿನಷ್ಟೇ ಅಸ್ಪಷ್ಟ. ಒಂದು ಸಂಜೆ ಹಾಕಿದರು, ಆಮೇಲೆ ಅದು ಬೀರುವಿನ ಮೇಲೆ ಹೋಯಿತು.

ಪರೀಕ್ಷೆ ವಿಷಯ. ಸದ್ದು ಬರದ ಒಂದು ಗೂಡಿನಂಥ ರೂಮಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕುಯ್ ಅಂದಾಗ ಬಟನ್ ಒತ್ತಿ ಅನ್ನುತ್ತಾರೆ. ಕೊನೆಗೆ ಒಂದು ಗ್ರಾಫ್ ಕೊಡುತ್ತಾರೆ, ಅದರ ಹೆಸರು ಆಡಿಯೋಗ್ರಾಂ. ಅದನ್ನು ಓದುವುದು ಕಷ್ಟ ಏನಲ್ಲ. ಅಡ್ಡಕ್ಕೆ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ದಪ್ಪ ದನಿಯಿಂದ ಕೀಚು ದನಿಯವರೆಗೆ. ಕೆಳಮುಖವಾಗಿ ಡೆಸಿಬೆಲ್. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಗುರುತು ಎಡಗಿವಿ. ಗೆರೆ ಎಷ್ಟು ಕೆಳಗೆ ಇಳಿದಿದೆಯೋ ಅಷ್ಟು ಕಿವಿ ಮಂದ. ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಹಾಕಿದ ಲೆಕ್ಕದ ಪ್ರಕಾರ 20 ಡೆಸಿಬೆಲ್ ಒಳಗಿದ್ದರೆ ಸರಿ, 35ರಿಂದ 50ರ ಒಳಗೆ ಮಧ್ಯಮ. ನಮ್ಮವರ ಗೆರೆ ಗ್ರಾಫಿನ ಎಡತುದಿಯಲ್ಲಿ ಚೆನ್ನಾಗಿಯೇ ಶುರುವಾಗಿ, ಬಲತುದಿಗೆ ಹೋಗ್ತಾ ಹೋಗ್ತಾ ಬೆಟ್ಟ ಇಳಿದ ಹಾಗೆ ಇಳಿದಿತ್ತು. ಅಂದರೆ ದಪ್ಪ ದನಿ ಕೇಳಿಸುತ್ತದೆ, ತೆಳು ದನಿ ಇಲ್ಲ. ಒಳಕಿವಿಯಲ್ಲಿರುವ ಕೂದಲಿನಂಥ ಜೀವಕೋಶಗಳಲ್ಲಿ ಮೇಲಿನ ಶ್ರುತಿಯವು ಮೊದಲು ಸವೆಯುತ್ತವಂತೆ, ಸವೆದವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸ, ಶ, ಚ, ಕ, ತ, ಹ ಇವೆಲ್ಲ ಆ ಮೇಲಿನ ಕಡೆಯ ಸದ್ದುಗಳು. ಹಾಗಾಗಿ ಮಾತು ಕೇಳಿಸುತ್ತದೆ, ಏನು ಮಾತು ಅಂತ ತಿಳಿಯುವುದಿಲ್ಲ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ನನ್ನ ಮಾತು ಮಾತ್ರ ಯಾಕೆ ಕೇಳಿಸಲ್ಲ ಅನ್ನುವ ಹಳೆಯ ತಕರಾರಿಗೆ ಅವತ್ತು ಕಾಗದದ ಮೇಲೆ ಉತ್ತರ ಸಿಕ್ಕಿತು. (ಪೂರ್ತಿ ಉತ್ತರ ಅಲ್ಲ ಅಂತ ನನಗೆ ಈಗಲೂ ಅನುಮಾನ.)

ನಡುವೆ ಒಂದು ಮುಖ್ಯ ಮಾತು, ಮರೆಯುವ ಮೊದಲೇ ಹೇಳಿಬಿಡುತ್ತೇನೆ. ಕಿವಿ ಇದ್ದಕ್ಕಿದ್ದ ಹಾಗೆ ಒಂದೆರಡು ದಿನದಲ್ಲಿ ಮಂದವಾದರೆ, ಅಥವಾ ಒಂದೇ ಕಿವಿ ಹೋದರೆ, ಸೋರುತ್ತಿದ್ದರೆ, ತಲೆ ಸುತ್ತು ಜೊತೆಗಿದ್ದರೆ ಮಷೀನಿನ ಅಂಗಡಿಗೆ ಹೋಗಬೇಡಿ. ನೇರ ಕಿವಿ ಡಾಕ್ಟರ ಹತ್ತಿರ ಹೋಗಿ, ಅದೂ ತಡ ಮಾಡದೆ. ಹಠಾತ್ ಕಿವುಡಿಗೆ ಬೇಗ ಶುರು ಮಾಡಿದ ಚಿಕಿತ್ಸೆಯೇ ಕೆಲಸ ಮಾಡುವುದು. ಸುಮ್ನೆ ಗುಗ್ಗೆ ತುಂಬಿದ್ದರೂ ಕೇಳಿಸುವುದಿಲ್ಲ, ಅದನ್ನೂ ಡಾಕ್ಟರೇ ತೆಗೆಯಲಿ, ಕಡ್ಡಿ ಹಾಕಬೇಡಿ.

ನಾವು ತಗೊಂಡದ್ದು ಕಿವಿಯ ಹಿಂದೆ ಕೂರುವ ಪುಟ್ಟದು. ಅದರಿಂದ ಕೂದಲಿನಷ್ಟು ಸಣ್ಣ ವೈರು ಇಳಿದು, ತುದಿಯಲ್ಲಿರುವ ಸ್ಪೀಕರ್ ಕಿವಿಯ ಒಳಗೆ ಹೋಗುತ್ತದೆ. ಅದರ ಮೇಲೆ ಮೆತ್ತನೆ ರಬ್ಬರ್ ಟೋಪಿ, ಡೋಮ್ ಅನ್ನುತ್ತಾರೆ. ಎರಡೂ ಕಿವಿಗೆ ಒಂದೊಂದು. ಒಂದು ಸಾಲದಾ ಅಂತ ನಮ್ಮವರು ಚೌಕಾಸಿ ಮಾಡಿ ನೋಡಿದರು. ಎರಡೂ ಕಿವಿ ಮಂದ ಇದ್ದವರು ಒಂದಕ್ಕೇ ಹಾಕಿದರೆ ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಹಿಂದಿನಿಂದ ಟ್ರ್ಯಾಕ್ಟರ್ ಬರುವಾಗ ಇದು ಸಣ್ಣ ವಿಷಯ ಅಲ್ಲ.

ಮೊದಲ ಒಂದಷ್ಟು ದಿನ, ನಿಜ ಹೇಳಬೇಕೆಂದರೆ, ಬೇಜಾರಿನವು. ತಮ್ಮ ದನಿಯೇ ಡ್ರಮ್ಮಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ ಅಂದರು. ಪೇಪರ್ ಮಡಚಿದರೆ ಸಿಡುಕು. ನಾನು ನಲ್ಲಿ ತಿರುಗಿಸಿದರೆ ಸಿಡುಕು. ರಾತ್ರಿ ಮಲಗುವ ಮೊದಲು ಅಂಗಳಕ್ಕೆ ಹೋದವರು ಗಾಬರಿಯಿಂದ ಒಳಗೆ ಬಂದು, "ಇದು ಕೆಟ್ಟಿದೆ ಕಣೇ, ಚಿರ್ರ್ ಅಂತ ಒಂದೇ ಸಮ ಸದ್ದು ಬರ್ತಿದೆ, ನಾಳೆ ವಾಪಸ್ ಕೊಡೋಣ" ಅಂದರು. ನಾನೂ ಹೊರಗೆ ಹೋಗಿ ನೋಡಿದೆ. ಜೀರುಂಡೆ! ಬೇಲಿ ತುಂಬ ಜೀರುಂಡೆ. ಅದನ್ನು ಅವರು ಎಷ್ಟೋ ವರ್ಷದಿಂದ ಕೇಳಿರಲೇ ಇಲ್ಲ, ಮರೆತೇ ಹೋಗಿತ್ತು. ಮಷೀನನ್ನು ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದು ಪರೀಕ್ಷೆ ಮಾಡಿದರು. ಆಮೇಲೆ ಅಲ್ಲೇ ಸುಮಾರು ಹೊತ್ತು ನಿಂತಿದ್ದರು.

ಹೀಗೆ ಮರೆತ ಸದ್ದನ್ನೆಲ್ಲ ಮೆದುಳು ಹೊಸದಾಗಿ ಕಲಿಯಬೇಕು, ಯಾವುದು ಬೇಕು ಯಾವುದು ಬೇಡ ಅಂತ ವಿಂಗಡಿಸಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ, ಕೆಲವರಿಗೆ ತಿಂಗಳುಗಳೇ. ಬೇಕಾದಾಗ ಮಾತ್ರ ಹಾಕಿಕೊಳ್ಳುತ್ತೇನೆ ಅನ್ನುವವರಿಗೆ ಇದು ಯಾವತ್ತೂ ರೂಢಿ ಆಗುವುದಿಲ್ಲ. ದಿನಾ ಹಾಕಬೇಕು. ಜನ ಇಲ್ಲದಾಗಲೂ ಹಾಕಬೇಕು. ಎಷ್ಟೋ ಮನೆಗಳಲ್ಲಿ ಮಷೀನು ಡ್ರಾಯರ್ ಸೇರುವುದು ಈ ಹಂತದಲ್ಲೇ.

ಈಗ ನಮ್ಮ ವಾರಕ್ಕೆ ಬರುತ್ತೇನೆ.

ಬೆಳಗಿನ ಜಗಲಿ ಮಾತಿಗೆ ಪೂರ್ತಿ ಮಾರ್ಕ್ಸ್. ಒಬ್ಬರೋ ಇಬ್ಬರೋ ಬಂದು ಎದುರು ಕೂತು ಮಾತಾಡುತ್ತಾರೆ, ಒಂದೆರಡು ಮೀಟರ್ ದೂರ, ಬೆಳಕು ಚೆನ್ನಾಗಿದೆ, ಮುಖ ಕಾಣುತ್ತದೆ. ಇಲ್ಲಿ ಮಷೀನು ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡುತ್ತದೆ. ಮೊದಲೆಲ್ಲ ಬಂದವರು ಅವರಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು, ನಾನು ಅದನ್ನೇ ಜೋರಾಗಿ ಅವರಿಗೆ ಹೇಳುತ್ತಿದ್ದೆ, ದುಭಾಷಿ ಕೆಲಸ. ಆ ಕೆಲಸದಿಂದ ನನಗೆ ಬಿಡುಗಡೆ ಸಿಕ್ಕಿದೆ. ಈ ಒಂದಕ್ಕೇ ನಾನು ಮಷೀನಿಗೆ ಕೈ ಮುಗಿಯುತ್ತೇನೆ.

ತೋಟದ ಕಡೆ ನಡೆಯುವುದು ಅಷ್ಟಕ್ಕಷ್ಟೆ. ಗಾಳಿ ಬೀಸಿದರೆ ಮೈಕಿನ ಬಾಯಿಗೇ ಹೊಡೆದು ಬುರ್ರ್ ಅಂತ ಸದ್ದು. ಗಾಳಿ ಸದ್ದು ತಗ್ಗಿಸುವ ಸೆಟ್ಟಿಂಗ್ ಇದೆ, ಸ್ವಲ್ಪ ಸಹಾಯ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ತಲೆಗೆ ಹಾಕಿದ ಟೋಪಿ ಕಿವಿ ಮೇಲೆ ಬಂದರೆ ಶಿಳ್ಳೆ. ಪಕ್ಕದಲ್ಲಿ ನಡೆಯುತ್ತಾ ಮಾತಾಡಿದರೆ ಪರವಾಗಿಲ್ಲ, ಮುಂದೆ ನಡೆಯುತ್ತಾ ಬೆನ್ನು ಹಾಕಿ ಮಾತಾಡಿದರೆ ನನ್ನ ಮಾತು ಬೇಲಿಗೆ ಹೇಳಿದ ಹಾಗೆ. ಒಂದು ಲಾಭ ಏನೆಂದರೆ ಹಕ್ಕಿಗಳು ವಾಪಸ್ ಬಂದಿವೆ.

ಇಸ್ಪೀಟು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಷೀನು ತರಿಸಿದ್ದೇ ಹೆಚ್ಚುಕಮ್ಮಿ ಇದಕ್ಕಾಗಿ. ವಾರದಲ್ಲಿ ಒಂದೆರಡು ಸಂಜೆ ನಮ್ಮ ಜಗಲಿಯಲ್ಲಿ ಐದಾರು ಜನ ಸೇರುತ್ತಾರೆ, ಎಲ್ಲರೂ ನಮ್ಮ ವಯಸ್ಸಿನವರೇ. ಆಟ ನೆಪ, ಹರಟೆಯೇ ಮುಖ್ಯ. ಕಿವಿ ಮಂದ ಆಗುತ್ತಾ ಬಂದ ಹಾಗೆ ನಮ್ಮವರು ಮೊದಲು ಎಲೆ ನೋಡುವುದಕ್ಕಿಂತ ಜಾಸ್ತಿ ಜನರ ಮುಖ ನೋಡಲು ಶುರು ಮಾಡಿದರು. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುವುದು. ಏನು ಅಂತ ಕೇಳಿದರೆ ಯಾರಾದರೂ "ಏನಿಲ್ಲ ಬಿಡಿ, ಆಮೇಲೆ ಹೇಳ್ತೀನಿ" ಅನ್ನುತ್ತಿದ್ದರು. ಆಮೇಲೆ ಯಾರೂ ಹೇಳುವುದಿಲ್ಲ. ಕ್ರಮೇಣ ತಲೆನೋವು, ನಿದ್ದೆ, ಏನೋ ಒಂದು ಹೇಳಿ ಒಳಗೆ ಹೋಗಿ ಮಲಗುವುದು. ಹೊರಗೆ ಆಟ, ಒಳಗೆ ಇವರು. ಕಿವಿ ಮಂದವಾದವರು ಜನರಿಂದ ದೂರ ಸರಿಯುತ್ತಾರೆ ಅಂತ ಡಾಕ್ಟರುಗಳು ಹೇಳುವುದು ಇದನ್ನೇ ಇರಬೇಕು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದವರು 2024ರಲ್ಲಿ ಕೊಟ್ಟ ಪಟ್ಟಿಯಲ್ಲಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಏನಾದರೂ ಮಾಡಬಹುದಾದ 14 ಕಾರಣಗಳಿವೆ. ಕಿವಿ ಮಂದ ಆಗುವುದು ಅದರಲ್ಲಿ ಒಂದು, ಒಂಟಿಯಾಗುವುದು ಇನ್ನೊಂದು. ಮಷೀನು ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ಮಾತ್ರ ಯಾರಾದರೂ ಮಾರಲು ಬಂದರೆ ನಂಬಬೇಡಿ, ಅಷ್ಟು ದೂರ ಯಾರೂ ಸಾಬೀತು ಮಾಡಿಲ್ಲ.

ಮಷೀನು ಹಾಕಿಕೊಂಡು ಮೊದಲ ಸಲ ಆಟಕ್ಕೆ ಕೂತ ಸಂಜೆ ಸಪ್ಪೆಯಾಗಿತ್ತು. ಎಲೆ ಕಲೆಸುವ ಸದ್ದೇ ಎಲ್ಲಕ್ಕಿಂತ ಜೋರು ಅಂದರು. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಇಲ್ಲ. ಟ್ಯೂನಿಂಗ್ ಮಾಡುವ ಹುಡುಗಿಗೆ ಫೋನ್ ಮಾಡಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅಂಕಲ್ ಎಲ್ಲಿ ಕೂರ್ತಾರೆ?" ಮಷೀನಿನಲ್ಲಿ ಎರಡು ಮೈಕ್ ಇರುತ್ತವೆ. ಗಲಾಟೆ ಜಾಸ್ತಿ ಇರುವಲ್ಲಿ ಎರಡೂ ಸೇರಿ ಎದುರಿನ ಸದ್ದನ್ನು ಎತ್ತಿ ಹಿಂದಿನದನ್ನು ತಗ್ಗಿಸುತ್ತವೆ. ನಮ್ಮವರು ಕೂರುತ್ತಿದ್ದದ್ದು ರಸ್ತೆ ಕಡೆ ಮುಖ ಮಾಡಿ, ಹೋಗುವವರನ್ನೆಲ್ಲ ನೋಡುವ ಚಪಲ. ಅಂದರೆ ಬೈಕು, ಪಂಪು, ನಾಯಿ ಎಲ್ಲವನ್ನೂ ಮಷೀನು ನಿಷ್ಠೆಯಿಂದ ಎತ್ತಿ ಕೊಡುತ್ತಿತ್ತು. ಜಾಗ ಬದಲಾಯಿಸಿದೆವು. ಗಲಾಟೆ ಬೆನ್ನಿಗೆ, ಮಾತಾಡುವವರು ಎದುರಿಗೆ. ಕೆಳದನಿಯ ಗೆಳೆಯರೊಬ್ಬರಿದ್ದಾರೆ, ಅವರನ್ನು ನೇರ ಮುಂದೆ ಕೂರಿಸಿದೆವು. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದೆ, ಎಲೆ ಇಡುವ ಸದ್ದು ಕಡಿಮೆ ಆಯಿತು. ದೊಡ್ಡ ಬಲ್ಬ್ ಹಾಕಿಸಿದೆ. ಬಲ್ಬಿಗೂ ಕಿವಿಗೂ ಏನು ಸಂಬಂಧ ಅಂತೀರಾ? ಕಿವಿ ಮಂದ ಇರುವವರು ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಾರೆ, ತಮಗೇ ಗೊತ್ತಿಲ್ಲದ ಹಾಗೆ. ನಮ್ಮಲ್ಲಿ ಕರೆಂಟ್ ಹೋದರೆ ಅವರಿಗೆ ಕಿವಿಯೂ ಅರ್ಧ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಇಸ್ಪೀಟಿಗೆ ನೂರಕ್ಕೆ ಎಪ್ಪತ್ತು. ಪಿಸುಮಾತಿನ ಜೋಕು ಈಗಲೂ ತಪ್ಪುತ್ತದೆ. ಆದರೆ ತಾವೇ ಜೋಕು ಹೇಳಲು ಶುರು ಮಾಡಿದ್ದಾರೆ, ಹಳೆಯವೇ. ಇನ್ನೊಂದು ತಮಾಷೆ ಕೇಳಿ. ಎದುರಾಳಿಗಳು ಇವರಿಗೆ ಕೇಳಿಸಲ್ಲ ಅಂತ ತಮ್ಮ ತಮ್ಮಲ್ಲಿ ಎಲೆ ಬಗ್ಗೆ ಮಾತಾಡಿಕೊಳ್ಳುವ ಅಭ್ಯಾಸ ಇತ್ತು. ಆ ಅಭ್ಯಾಸ ಅವರು ಬಿಡುವಷ್ಟರಲ್ಲಿ ನಮ್ಮವರು ಒಳ್ಳೇ ನಾಲ್ಕಾರು ಆಟ ಗೆದ್ದುಕೊಂಡರು.

ರೈತರ ಸಂಘದ ಮೀಟಿಂಗಿಗೆ ಮಾರ್ಕ್ಸ್ ಕಡಿಮೆ. ಉದ್ದನೆ ಹಾಲ್, ಶೀಟಿನ ಮಾಡು, ಮಾತೆಲ್ಲ ಗೋಡೆಗೆ ಬಡಿದು ಎರಡೆರಡು ಸಲ ಬರುತ್ತದೆ. ದೂರ ಎರಡರಷ್ಟಾದರೆ ಬಯಲಲ್ಲಿ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಒಳಗಡೆ ಅದರ ಮೇಲೆ ಪ್ರತಿಧ್ವನಿಯ ಕಾಟ. ಮಷೀನು ದೂರದ ಮಾತನ್ನು ಹತ್ತಿರ ಎಳೆದು ತರುವುದಿಲ್ಲ, ಇದು ಗೊತ್ತಿರಲಿ. ಮುಂದಿನ ಸಾಲಿನಲ್ಲಿ ಕೂರುವುದೇ ಮದ್ದು. ಮಾತಾಡುವವರ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಬೇರೆಯಾಗಿ ಸಿಗುತ್ತದೆ, ಅದು ದನಿಯನ್ನು ನೇರ ಮಷೀನಿಗೆ ಕಳಿಸುತ್ತದೆ. ಆದರೆ ಮೀಟಿಂಗಿನಲ್ಲಿ ಒಬ್ಬರು ಮಾತಾಡುತ್ತಾರಾ? ಎಲ್ಲರೂ ಮಾತಾಡುತ್ತಾರೆ. ಮಳೆ ಬಂದು ಶೀಟಿನ ಮೇಲೆ ಬಡಿದ ದಿನ ಮಾತ್ರ ಎಲ್ಲರಿಗೂ ಒಂದೇ ಕಿವಿ, ಯಾರಿಗೂ ಏನೂ ಕೇಳಿಸಲಿಲ್ಲ.

ಮದುವೆ ಮನೆ ಅಂದರೆ ಮಷೀನಿಗೂ ಸುಸ್ತು, ಹಾಕಿಕೊಂಡವರಿಗೂ ಸುಸ್ತು. ದೊಡ್ಡ ಸ್ಪೀಕರುಗಳು, ನೂರಾರು ಜನ, ಮಕ್ಕಳ ಕಿರುಚಾಟ. ಒಂದು ಗಂಟೆ ಕಳೆದ ಮೇಲೆ ಮುಖ ಬಾಡಿತ್ತು. ಕೇಳುವುದಕ್ಕೆ ಶ್ರಮ ಹಾಕಿ ಹಾಕಿ ಆಯಾಸವಾಗುವುದು ಇದರಲ್ಲಿ ನಿಜವಾದ ಸಂಗತಿ. ಹೊರಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆವು. ಬಂದವರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಬಂದು ಮಾತಾಡಿಸಿಕೊಂಡು ಹೋದರು, ಒಳಗಿದ್ದರೆ ಇಷ್ಟು ಜನರ ಹತ್ತಿರ ಮಾತೇ ಆಗುತ್ತಿರಲಿಲ್ಲ.

ಭಾನುವಾರ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಸಣ್ಣವನು ಓಡಿ ಬಂದು ಅಜ್ಜನ ಕುತ್ತಿಗೆ ತಬ್ಬಿದರೆ ಕಿವಿಯಿಂದ ಕುಯ್ಯ್ ಅಂತ ಶಿಳ್ಳೆ. ಸ್ಪೀಕರಿನ ಸದ್ದು ಹೊರಗೆ ಸೋರಿ, ತಬ್ಬಿದ ಕೆನ್ನೆಗೆ ತಾಗಿ, ಮೈಕಿಗೇ ವಾಪಸ್ ಹೋದಾಗ ಹೀಗಾಗುತ್ತದೆ. ಅವನಿಗೆ ಅದು ಆಟ, ಶಿಳ್ಳೆ ಬರಲಿ ಅಂತಲೇ ಮತ್ತೆ ಮತ್ತೆ ತಬ್ಬುತ್ತಾನೆ. ತಬ್ಬದೇ ಇರುವಾಗಲೂ ಶಿಳ್ಳೆ ಬಂದರೆ ಡೋಮಿನ ಸೈಜ್ ಸರಿಯಿಲ್ಲ, ಅಥವಾ ಕಿವಿಯಲ್ಲಿ ಗುಗ್ಗೆ ಇದೆ ಅಂತ ಅರ್ಥ.

ಫೋನ್ ಬಗ್ಗೆ ಒಂದು ಸಣ್ಣ ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಕಿವಿ ಹಿಂದೆ ಮಷೀನು ಇದ್ದರೆ ಮೈಕ್ ಇರುವುದೂ ಅಲ್ಲೇ, ಕಿವಿಯ ಮೇಲ್ಭಾಗದಲ್ಲಿ. ಫೋನನ್ನು ಎಂದಿನಂತೆ ಕಿವಿ ತೂತಿಗೆ ಒತ್ತಿದರೆ ಕೇಳಿಸುವುದಿಲ್ಲ. ಸ್ವಲ್ಪ ಮೇಲಕ್ಕೆ, ಓರೆಯಾಗಿ ಹಿಡಿಯಬೇಕು. ಬ್ಲೂಟೂತ್ ಇದ್ದರೆ ಈ ತಾಪತ್ರಯ ಇಲ್ಲ, ಮಾತು ನೇರ ಎರಡೂ ಕಿವಿಗೆ. ಆದರೆ ಆಗ ಅವರು ಅಂಗಳದಲ್ಲಿ ಒಬ್ಬರೇ ಕೈ ಆಡಿಸುತ್ತಾ ಮಾತಾಡುತ್ತಾರೆ, ನೋಡಿದವರು ನನ್ನ ಮುಖ ನೋಡುತ್ತಾರೆ.

ಬ್ಯಾಟರಿ. ಚಾರ್ಜ್ ಮಾಡುವ ಮಾದರಿ ಬೇಕಾ, ಬಿಲ್ಲೆ ಬ್ಯಾಟರಿ ಹಾಕುವುದು ಬೇಕಾ ಅಂತ ಕೇಳುತ್ತಾರೆ. ಬೆರಳು ನಡುಗುವವರಿಗೆ, ಕಣ್ಣು ಮಂದ ಇರುವವರಿಗೆ ಚಾರ್ಜಿನದೇ ಸುಖ, ರಾತ್ರಿ ಡಬ್ಬಿಯಲ್ಲಿ ಇಟ್ಟರೆ ಆಯಿತು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಅದಕ್ಕೆ ಬಿಲ್ಲೆಯದೇ ತಗೊಂಡೆವು. ಬಿಲ್ಲೆಗಳನ್ನು ಬಣ್ಣದಿಂದ ಗುರುತಿಸಬಹುದು: 10 ನಂಬರಿಗೆ ಹಳದಿ ಸ್ಟಿಕ್ಕರ್, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಯಾವ ಕಂಪನಿಯದಾದರೂ ಬಣ್ಣ ಇದೇ. ನಮ್ಮದು ಕಂದು, ಒಂದು ವಾರದ ಆಸುಪಾಸು ಬರುತ್ತದೆ. ಇದು ಗಾಳಿಯಿಂದ ಕೆಲಸ ಮಾಡುವ ಸತುವಿನ ಬ್ಯಾಟರಿ. ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಬಾರದು, ಕೆಲವು ನಿಮಿಷ ಗಾಳಿ ಕುಡಿಯಲು ಬಿಟ್ಟು ಹಾಕಿದರೆ ಚೆನ್ನಾಗಿ ಬಾಳುತ್ತದೆ. ಒಮ್ಮೆ ಕಿತ್ತ ಮೇಲೆ ಉಪಯೋಗಿಸದಿದ್ದರೂ ಖಾಲಿಯಾಗುತ್ತಾ ಹೋಗುತ್ತದೆ, ಸ್ಟಿಕ್ಕರ್ ಮತ್ತೆ ಅಂಟಿಸಿದರೂ ಅಷ್ಟೇ. ಹಳೆ ಬಿಲ್ಲೆ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಅಪಾಯ. ನಾಯಿ ಇದ್ದರೆ ಮಷೀನನ್ನೂ ಎತ್ತರದಲ್ಲಿ ಇಡಿ. ಕಿವಿಯ ವಾಸನೆ ನಾಯಿಗೆ ಇಷ್ಟ, ಅಗಿದು ಹಾಕುತ್ತದೆ.

"ಮಷೀನು ಸತ್ತಿದೆ" ಅಂತ ಅವರು ಘೋಷಿಸಿದಾಗಲೆಲ್ಲ ಹೆಚ್ಚಾಗಿ ಕಾರಣ ಒಂದೇ, ತುದಿಯಲ್ಲಿರುವ ಸಾಸಿವೆಯಷ್ಟು ಚಿಕ್ಕ ಬಿಳಿ ಜಾಲರಿಗೆ ಗುಗ್ಗೆ ಕಟ್ಟಿರುತ್ತದೆ. ಅದನ್ನು ಬದಲಾಯಿಸಲು ಒಂದು ಪುಟ್ಟ ಕಡ್ಡಿ ಕೊಟ್ಟಿರುತ್ತಾರೆ. ಒಂದು ತುದಿ ಹಳೆಯದನ್ನು ಎಳೆಯುತ್ತದೆ, ಇನ್ನೊಂದು ತುದಿ ಹೊಸದನ್ನು ಕೂರಿಸುತ್ತದೆ. ಕನ್ನಡಕ ಹಾಕಿಕೊಂಡು, ಬಿಳಿ ಬಟ್ಟೆ ಹಾಸಿಕೊಂಡು ಮಾಡಬೇಕು, ಬಿದ್ದರೆ ಸಿಗುವುದಿಲ್ಲ. ಈ ಕೆಲಸ ನಮ್ಮನೆಯಲ್ಲಿ ನನ್ನದು. ಬೆವರು, ಮಳೆ ಎರಡೂ ಇದಕ್ಕೆ ಶತ್ರು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿ ಇಡುತ್ತೇವೆ. ಇದನ್ನು ತಪ್ಪಿಸಬೇಡಿ.

ಅಂಗಡಿ, ಸರ್ವೀಸ್ ಬಗ್ಗೆ ನನ್ನ ಸಿಟ್ಟು ಇಲ್ಲಿದೆ. ಮೊದಲು ಹೋದ ಕಡೆ ಪರೀಕ್ಷೆಯನ್ನು ಬೇಗ ಬೇಗ ಮುಗಿಸಿ, ಇಷ್ಟು ಚಾನೆಲ್ ಅಷ್ಟು ಚಾನೆಲ್ (ಮಷೀನು ಸದ್ದನ್ನು ಎಷ್ಟು ಭಾಗ ಮಾಡಿ ತಿದ್ದುತ್ತದೆ ಅನ್ನುವ ಲೆಕ್ಕ) ಅಂತ ಎಲ್ಲಕ್ಕಿಂತ ದುಬಾರಿಯದನ್ನು ಮುಂದಿಟ್ಟರು. ನಮ್ಮವರು ದಿನವೆಲ್ಲ ಏನು ಮಾಡುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ಅಂತ ಒಂದೂ ಪ್ರಶ್ನೆ ಇಲ್ಲ. ಎದ್ದು ಬಂದೆವು. ಎರಡನೇ ಕಡೆಯ ಹುಡುಗಿ ಮೊದಲು ಕೇಳಿದ್ದೇ ಅದನ್ನು. ಆಮೇಲೆ ಮಷೀನು ಹಾಕಿ, ಪಕ್ಕದಲ್ಲೇ ದಾರದಂಥ ಒಂದು ನಳಿಕೆಯನ್ನು ಕಿವಿಯೊಳಗೆ ಇಳಿಸಿ, ಸದ್ದು ನಿಜವಾಗಿ ಎಷ್ಟು ಮುಟ್ಟುತ್ತಿದೆ ಅಂತ ಕಂಪ್ಯೂಟರಿನಲ್ಲಿ ಅಳೆದಳು. ಇದಕ್ಕೆ ರಿಯಲ್ ಇಯರ್ ಮೆಷರ್‌ಮೆಂಟ್ ಅಂತ ಹೆಸರು. ಒಬ್ಬೊಬ್ಬರ ಕಿವಿ ಕಾಲುವೆಯ ಅಳತೆ ಬೇರೆ ಬೇರೆ, ಕಂಪ್ಯೂಟರ್ ಊಹಿಸಿ ಹಾಕಿದ ಸೆಟ್ಟಿಂಗ್ ನಿಮ್ಮ ಕಿವಿಗೆ ಹೊಂದದೇ ಇರಬಹುದು. ಇದನ್ನು ಮಾಡುತ್ತೀರಾ ಅಂತ ಕೇಳಿಯೇ ಅಂಗಡಿ ಆರಿಸಿ. ಮಾರಿದ ಮೇಲೆ ಎಷ್ಟು ಸಲ ಟ್ಯೂನಿಂಗ್ ಮಾಡಿಕೊಡುತ್ತಾರೆ, ಹಾಕಿ ನೋಡಿ ಹಿಡಿಸದಿದ್ದರೆ ವಾಪಸ್ ತಗೊಳ್ತಾರಾ, ಇದನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಮಷೀನಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಕೆಲಸಕ್ಕೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ಮನೆಯವರಿಗೂ ಒಂದಷ್ಟು ಕೆಲಸ ಇದೆ, ಯಾರಿಗೂ ಇದು ಇಷ್ಟ ಆಗುವುದಿಲ್ಲ. ಅಡುಗೆ ಮನೆಯಿಂದ ಕೂಗಿ ಹೇಳುವ ಅಭ್ಯಾಸ ಬಿಡಬೇಕು. ಮೊದಲು ಕರೆದು, ಅವರು ತಿರುಗಿದ ಮೇಲೆ ವಿಷಯ ಹೇಳಬೇಕು. ಕೂಗಬಾರದು, ಸ್ವಲ್ಪ ನಿಧಾನವಾಗಿ ಹೇಳಬೇಕು. ಕೇಳಿಸದಿದ್ದರೆ ಅದೇ ಮಾತನ್ನು ಅದೇ ಥರ ಮತ್ತೆ ಹೇಳುವ ಬದಲು ಬೇರೆ ಥರ ಹೇಳಿ, ಬೇಗ ಹತ್ತುತ್ತದೆ. ಟಿವಿ ಹಾಕಿಕೊಂಡು ಮಾತು ಬೇಡ. ಇನ್ನೊಂದು ಎಚ್ಚರಿಕೆ ನನ್ನಂಥವರಿಗೆ: ಅವರ ಬಗ್ಗೆ ಪಕ್ಕದ ಮನೆಯವರ ಹತ್ತಿರ ಗೊಣಗುವ ಸೌಲಭ್ಯ ಹೋಗುತ್ತದೆ.

ಮುಂದಿನ ಟ್ಯೂನಿಂಗ್‌ಗೆ ಹೋಗುವ ಮೊದಲು ಏನೇನು ತೊಂದರೆ ಆಯಿತು ಅಂತ ಚೀಟಿಯಲ್ಲಿ ಬರೆದುಕೊಂಡು ಬನ್ನಿ ಅಂದಿದ್ದಾಳೆ ಆ ಹುಡುಗಿ. ನೀವೂ ಹಾಗೇ ಮಾಡಿ, "ಸರಿಯಾಗಿ ಕೇಳಿಸಲ್ಲ" ಅಂದರೆ ಅವರಿಗೆ ಏನು ತಿರುಗಿಸಬೇಕು ಅಂತ ಗೊತ್ತಾಗುವುದಿಲ್ಲ. ನಮ್ಮವರ ಚೀಟಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ಸ್ಟೀಲ್ ಪಾತ್ರೆ ಸದ್ದು ಕಡಿಮೆ ಆಗಬೇಕು, ಗಾಳಿಯ ಬುರ್ರ್ ಕಡಿಮೆ ಆಗಬೇಕು, ಎಡಗಡೆ ಡೋಮ್ ಸಂಜೆ ಹೊತ್ತಿಗೆ ತುರಿಸುತ್ತದೆ, ಕೆಳದನಿಯ ಗೆಳೆಯರ ಮಾತು ಇನ್ನೂ ಒಂದಿಷ್ಟು ಎತ್ತಬೇಕು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ "ಹೆಂಡತಿ ದನಿ ಈಗಿರುವಷ್ಟೇ ಸಾಕು" ಅಂತ ಬರೆದಿದ್ದಾರೆ. ಆ ಸಾಲನ್ನು ನಾನು ಹೊಡೆದು ಹಾಕಿದ್ದೇನೆ.